ಇದ್ದಿಲು ಬಸ್ಸು, ಕರೆಂಟಿನ ಕಾರು

ಅಜ್ಜಿ ತನ್ನ ತವರಿನ ಪ್ರಯಾಣದ ಕಥೆ ತೆಗೆದರೆ ಇದ್ದಿಲು ಬಸ್ಸು ಬಂದೇ ಬರುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲ, ಪೆಟ್ರೋಲಿಗೆ ರೇಷನ್ನು. ಬಸ್ಸಿಗೆ ಕಟ್ಟಿದ ಒಲೆಯಲ್ಲಿ ಇದ್ದಿಲು ಉರಿಸಿ, ಅದರಿಂದ ಬರುವ ಅನಿಲದಲ್ಲಿ ಇಂಜಿನ್ನು ಓಡಿಸುತ್ತಿದ್ದರು. ಕ್ಲೀನರ್ ಹುಡುಗ ಗಾಳಿಚಕ್ರ ತಿರುವಿ ಬೆವರಿಳಿಸಬೇಕು. ಏರು ಬಂದರೆ ಜನ ಇಳಿದು ತಳ್ಳಬೇಕು. “ಬಸ್ಸು ನಮ್ಮನ್ನು ಹೊತ್ತಿತೋ, ನಾವೇ ಅದನ್ನು ಹೊತ್ತೆವೋ!” ಎಂದು ಅಜ್ಜಿ ನಗುತ್ತಿದ್ದಳು.

ಈಚೆಗೆ ನಮ್ಮಲ್ಲಿ ಕರೆಂಟಿನ ಕಾರು ಕೊಳ್ಳುವ ಮಾತು ಬಂತು. “ದಾರಿಯಲ್ಲಿ ಚಾರ್ಜು ಮುಗಿದರೆ? ಧರ್ಮಸ್ಥಳಕ್ಕೆ ಹೋಗೋದು ಹೇಗೆ?” ಎಂದರು ನಮ್ಮ ಮನೆಯವರು. ನಾವು ಧರ್ಮಸ್ಥಳಕ್ಕೆ ಹೋಗುವುದು ವರ್ಷಕ್ಕೊಮ್ಮೆ. ಸಂತೆ, ಶಾಲೆ, ಬ್ಯಾಂಕು ಎಂದು ದಿನವೂ ಕಾರು ಓಡಿಸುವವಳು ನಾನು. ನನ್ನನ್ನು ಯಾರೂ ಕೇಳಲಿಲ್ಲ.

ಈ ಚರ್ಚೆಗೆ ನೂರು ವರ್ಷ ದಾಟಿದೆ. 1900ರಲ್ಲಿ ಅಮೆರಿಕದಲ್ಲಿ ತಯಾರಾದ ನಾಲ್ಕು ಸಾವಿರ ಚಿಲ್ಲರೆ ಕಾರುಗಳಲ್ಲಿ ಉಗಿಯವು, ಕರೆಂಟಿನವು ತಲಾ ಒಂದೂವರೆ ಸಾವಿರಕ್ಕೂ ಹೆಚ್ಚು. ಪೆಟ್ರೋಲಿನವು ಸಾವಿರಕ್ಕೂ ಕಡಿಮೆ. ಉಗಿಯ ಕಾರಿಗೆ ನೀರು ಕುದಿಯುವ ತನಕ ಕಾಯಬೇಕು. ಪೆಟ್ರೋಲಿನದಕ್ಕೆ ಮುಂದೆ ನಿಂತು ಹ್ಯಾಂಡಲು ತಿರುಗಿಸಬೇಕು. ಅದು ತಿರುಗಿ ಬಡಿದರೆ ಮಣಿಕಟ್ಟೇ ಮುರಿಯುತ್ತಿತ್ತು. ಕರೆಂಟಿನ ಕಾರಿಗೋ ಹೊಗೆಯಿಲ್ಲ, ಗದ್ದಲವಿಲ್ಲ, ಕುಳಿತರೆ ಹೊರಟಿತು. ಹೆಂಗಸರಿಗೆ ಅದು ಒಪ್ಪಿಗೆಯಾಯಿತು. ಪೆಟ್ರೋಲ್ ಕಾರನ್ನು ಮನೆಮನೆಗೆ ತಲುಪಿಸಿದ ಹೆನ್ರಿ ಫೋರ್ಡರ ಹೆಂಡತಿ ಕ್ಲಾರಾ ಓಡಿಸುತ್ತಿದ್ದುದು ಯಾವ ಕಾರು ಗೊತ್ತೆ? 1914ರ ಡೆಟ್ರಾಯಿಟ್ ಎಲೆಕ್ಟ್ರಿಕ್! ಒಮ್ಮೆ ಚಾರ್ಜು ಮಾಡಿದರೆ ಸುಮಾರು 130 ಕಿ.ಮೀ. ಓಡುತ್ತದೆಂದು ಅದರ ಹೆಸರು.

ಹಾಗಾದರೆ ಸೋತದ್ದೇಕೆ? 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸ್ಟಾರ್ಟರ್ ಬಂತು. ಬ್ಯಾಟರಿ, ಮೋಟಾರುಗಳೇ ಪೆಟ್ರೋಲ್ ಕಾರಿನ ಹ್ಯಾಂಡಲಿಗೆ ಬಿಡುಗಡೆ ಕೊಟ್ಟು, ಕರೆಂಟಿನ ಕಾರಿನ ಕತ್ತು ಹಿಸುಕಿದವು! ಪೆಟ್ರೋಲ್ ಅಗ್ಗವಾಗಿತ್ತು, ಫೋರ್ಡ್ ಕಾರೂ ಅಗ್ಗವಾಯಿತು, ಹಳ್ಳಿಗಳಲ್ಲಿ ಕರೆಂಟಿರಲಿಲ್ಲ. ಜೊತೆಗೆ ‘ಹೆಂಗಸರ ಗಾಡಿ’ ಎಂಬ ಹೆಸರು ಬೇರೆ. ನಮ್ಮ ಬೆಂಗಳೂರಿನಲ್ಲೇ 2001ರಲ್ಲಿ ‘ರೇವಾ’ ಎಂಬ ಪುಟ್ಟ ಕರೆಂಟಿನ ಕಾರು ಬಂದಾಗಲೂ ಆಟಿಕೆಯೆಂದು ನಕ್ಕವರುಂಟು. ಅದೇ ಕಾರು ಲಂಡನ್ನಿನ ಬೀದಿಗಳಲ್ಲೂ ಓಡಿತು.

ಮನೆಯವರ ಪ್ರಶ್ನೆ ಸುಳ್ಳೆನ್ನಲಾರೆ. ದೂರದ ದಾರಿಯಲ್ಲಿ ಪೆಟ್ರೋಲು ತುಂಬಿಸಲು ಐದು ನಿಮಿಷ ಸಾಕು, ಚಾರ್ಜಿಗೆ ಕಾಯಲೇಬೇಕು. ಹೊಗೆಯೇ ಇಲ್ಲವೆಂದು ಬೀಗುವಂತೆಯೂ ಇಲ್ಲ. ನಮ್ಮ ಕರೆಂಟಿಗೆ ಶರಾವತಿಯ ನೀರು ದುಡಿಯುವಂತೆ ರಾಯಚೂರಿನಲ್ಲಿ ಕಲ್ಲಿದ್ದಲೂ ಉರಿಯುತ್ತದೆ. ಅಜ್ಜಿಯ ಬಸ್ಸಿನ ಒಲೆ ಆರಿಲ್ಲ, ದೂರ ಹೋಗಿದೆ ಅಷ್ಟೆ.

ಆದರೆ ಗಾಡಿಯನ್ನು ಅಳೆಯಬೇಕಾದ್ದು ವರ್ಷದ ಒಂದು ದಿನದಿಂದಲೋ, ಉಳಿದ ದಿನಗಳಿಂದಲೋ? ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದು ತಿಂಗಳು ನನ್ನ ಓಡಾಟ ಬರೆದಿಟ್ಟೆ. ಯಾವ ದಿನವೂ 18 ಕಿ.ಮೀ. ದಾಟಲಿಲ್ಲ. ಪುಸ್ತಕವನ್ನು ಕಾಫಿಯ ಲೋಟದ ಪಕ್ಕ ಇಟ್ಟೆ. ಓದಿ, “ಧರ್ಮಸ್ಥಳ?” ಎಂದರು.

“ಬಸ್ಸಿದೆಯಲ್ಲ,” ಎಂದೆ. “ಈಗ ಇಳಿದು ತಳ್ಳಬೇಕಾಗಿಯೂ ಇಲ್ಲ.”