ಮೇಜಿನ ಮೇಲೆ ನರಗುಂದ

ಗದಗ ಜಿಲ್ಲೆಯ ನಕಾಶೆ ಬಿಡಿಸಿ ನೋಡಿ. ಪಶ್ಚಿಮಕ್ಕೆ ನರಗುಂದ, ನಡುವೆ ರೋಣ, ಪೂರ್ವಕ್ಕೆ ಗಜೇಂದ್ರಗಡ. ನೂಲು ಹಿಡಿದು ಇಟ್ಟ ಹಾಗೆ ಮೂರೂ ಊರುಗಳು ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಕೂತಿವೆ. ಎರಡು ತುದಿಗೆ ಎರಡು ಗುಡ್ಡ, ಗುಡ್ಡದ ಮೇಲೆ ಕೋಟೆ. ನಡುವೆ ಎರಿಹೊಲದ ಬಯಲು. ಯುದ್ಧದ ಆಟ ಆಡುವವರಿಗೆ ಇದಕ್ಕಿಂತ ಒಳ್ಳೆಯ ಹಾಸು ಸಿಗಲಿಕ್ಕಿಲ್ಲ.

ಇಲ್ಲಿ ಹೇಳುತ್ತಿರುವುದು ಮೊಬೈಲಿನ ಆಟದ ಮಾತಲ್ಲ. ಮೇಜಿನ ಮೇಲೆ ಗುಡ್ಡ, ಹಳ್ಳ, ಕೋಟೆಗಳ ಮಾದರಿ ಕಟ್ಟಿ, ಬೆರಳಿನ ಗಾತ್ರದ ಸೈನಿಕರನ್ನು ನಿಲ್ಲಿಸಿ, ಅಳತೆಪಟ್ಟಿ ಮತ್ತು ದಾಳ ಹಿಡಿದು ಹಳೆಯ ಕಾಳಗವನ್ನು ಮತ್ತೆ ಆಡುವ ಹವ್ಯಾಸವೊಂದಿದೆ. ಆಡುವವರಲ್ಲಿ ಮಕ್ಕಳಿಗಿಂತ ದೊಡ್ಡವರೇ ಹೆಚ್ಚು. ಅವರು ಕಟ್ಟುವುದು ಬಹುಪಾಲು ಯುರೋಪಿನ ಕೋಟೆಗಳನ್ನು. ಅದೇ ಮೇಜಿನ ಮೇಲೆ ನರಗುಂದವನ್ನು ಕಟ್ಟಹೊರಟರೆ ಏನೇನು ಬೇಕಾದೀತು ಎಂದು ಯೋಚಿಸುತ್ತ ಹೋದರೆ, ಆ ಯೋಚನೆಯೇ ಒಂದು ಚರಿತ್ರೆಯ ಪಾಠವಾಗುತ್ತದೆ.

ಕೋಟೆಯ ಮಾದರಿ ನಮಗೇನೂ ಹೊಸದಲ್ಲ. ದೀಪಾವಳಿ ಬಂತೆಂದರೆ ಬೆಳಗಾವಿಯ ಓಣಿಗಳಲ್ಲಿ ಹುಡುಗರು ಕಲ್ಲು ಪೇರಿಸಿ, ಗೋಣಿಚೀಲಕ್ಕೆ ಕೆಮ್ಮಣ್ಣು ಮೆತ್ತಿ ‘ಕಿಲ್ಲಾ’ ಕಟ್ಟುತ್ತಾರೆ. ಮಹಾರಾಷ್ಟ್ರದ ಉದ್ದಕ್ಕೂ ಇರುವ ಪದ್ಧತಿಯಿದು. ಬೀಜ ಚೆಲ್ಲಿ ಮೊಳಕೆ ಬರಿಸಿ ಕಾಡು ಮಾಡುತ್ತಾರೆ, ಮೇಲೆ ಮಣ್ಣಿನ ಶಿವಾಜಿಯನ್ನು ಕೂರಿಸುತ್ತಾರೆ. ಬಲಿಪಾಡ್ಯಮಿಯಂದು ಸಗಣಿಯಲ್ಲಿ ಕೋಟೆ ಕಟ್ಟಿ ಬಲೀಂದ್ರನನ್ನು ಕೂರಿಸುವ ಮನೆಗಳೂ ಕರ್ನಾಟಕದಲ್ಲಿವೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಕೈಗೆ ಬುರುಜು ಮಾಡುವುದು ಕಷ್ಟವೂ ಅಲ್ಲ. ಇನ್ನು ಆಟದ ಮಾತಿಗೆ ಬಂದರೆ, ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ದುರ್ಗಗಳ ವಿಚಾರವೂ ಇದೆ, ಚದುರಂಗದ ವಿಚಾರವೂ ಇದೆ. ಕೋಟೆ ಒಂದು ಅಧ್ಯಾಯ, ಆಟ ಇನ್ನೊಂದು. ಇವೆರಡನ್ನು ಒಂದೇ ಮೇಜಿಗೆ ತಂದವರು ಯುರೋಪಿನವರು.

ಅಲ್ಲೂ ಮೊದಲು ಬಂದದ್ದು ಕೋಟೆ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ, 1668ರಿಂದ, ಗಡಿಯ ಕೋಟೆಪಟ್ಟಣಗಳ ಮಾದರಿಗಳನ್ನು ಕಟ್ಟಿಸತೊಡಗಿದರು. ಮರ, ಕಾಗದ, ರೇಷ್ಮೆ, ಮರಳು ಬಳಸಿ ಸುಮಾರು 600ಕ್ಕೆ 1ರ ಅಳತೆಯಲ್ಲಿ ಮಾಡಿದವು. ಕುದುರೆ ಹತ್ತಿ ವಾರಗಟ್ಟಲೆ ಹೋಗಬೇಕಾದ ಕೋಟೆಯನ್ನು ದೊರೆ ಅರಮನೆಯಲ್ಲೇ ಸುತ್ತಿ ನೋಡಬಹುದಿತ್ತು. 1812ರಲ್ಲಿ ಪ್ರಷ್ಯದ ರೈಸ್ವಿಟ್ಸ್ ಎಂಬಾತ ತನ್ನ ದೊರೆಗೆ ಒಂದು ಆಟದ ಮೇಜು ಮಾಡಿಕೊಟ್ಟ. ಗುಡ್ಡ, ಹೊಳೆ, ಊರುಗಳ ಬಿಲ್ಲೆಗಳನ್ನು ಬೇಕಾದ ಹಾಗೆ ಜೋಡಿಸಿಕೊಂಡು ಸೈನ್ಯ ನಡೆಸುವ ಆಟ ಅದು. ಅವನ ಮಗ 1824ರಲ್ಲಿ ಬಿಲ್ಲೆಗಳನ್ನು ಬಿಟ್ಟು 8,000ಕ್ಕೆ 1ರ ಅಳತೆಯ ನಕಾಶೆಯ ಮೇಲೆ ಅದೇ ಆಟವನ್ನು ಬೆಳೆಸಿದ. ಪ್ರಷ್ಯದ ಸೇನಾಧಿಕಾರಿಗಳಿಗೆ ಅದು ತರಬೇತಿಯ ಸಾಧನವಾಯಿತು. ಮನೆಯ ನೆಲದ ಮೇಲೆ ಗೊಂಬೆ ಸಿಪಾಯಿಗಳ ಯುದ್ಧಕ್ಕೆ ನಿಯಮ ಬರೆದು ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಮಾಡಿದವನು ಕಾದಂಬರಿಕಾರ ಎಚ್. ಜಿ. ವೆಲ್ಸ್, 1913ರಲ್ಲಿ. ದೊಡ್ಡ ಯುದ್ಧಕ್ಕಿಂತ ಈ ಸಣ್ಣ ಯುದ್ಧವೇ ವಾಸಿ ಎಂಬುದು ಅವನ ವಾದವಾಗಿತ್ತು. ಮರುವರ್ಷವೇ ಮಹಾಯುದ್ಧ ಶುರುವಾಯಿತು.

ಈಗ ನಮ್ಮ ಗುಡ್ಡ. ಮಾದರಿ ಕಟ್ಟುವವನಿಗೆ ಮೊದಲ ತೊಡಕು ಅಳತೆಯದು. ಈ ಆಟದಲ್ಲಿ ಹೆಚ್ಚು ಬಳಕೆಯ ಗೊಂಬೆ 28 ಮಿಲಿಮೀಟರ್ ಎತ್ತರದ್ದು. ಆಳೆತ್ತರವನ್ನು ಅಷ್ಟಕ್ಕೆ ಇಳಿಸಿದರೆ ಅಳತೆ ಸುಮಾರು 60ಕ್ಕೆ 1. ಆ ಲೆಕ್ಕದಲ್ಲಿ ನೂರು ಮೀಟರ್ ಎತ್ತರದ ಗುಡ್ಡಕ್ಕೆ ಮೇಜಿನಿಂದ ಒಂದೂಮುಕ್ಕಾಲು ಮೀಟರ್ ಏರಬೇಕು. ತುದಿಯ ಸಿಪಾಯಿಯನ್ನು ಮುಟ್ಟಲು ಏಣಿ ಬೇಕು. ಗೊಂಬೆಯನ್ನು 6 ಮಿಲಿಮೀಟರಿಗೆ ಇಳಿಸಿ ಅಳತೆಯನ್ನು 300ಕ್ಕೆ 1 ಮಾಡಿಕೊಂಡರೆ ಗುಡ್ಡ ಮೊಣಕೈ ಎತ್ತರಕ್ಕೆ ಬರುತ್ತದೆ. ಆದರೆ ನರಗುಂದದಿಂದ ರೋಣದವರೆಗೆ ನೇರ ಗೆರೆ ಎಳೆದರೂ 35 ಕಿಲೋಮೀಟರಿಗೆ ಕಡಿಮೆಯಿಲ್ಲ. ಅಷ್ಟನ್ನು ಆ ಅಳತೆಯಲ್ಲಿ ಹಾಸಲು ನೂರು ಮೀಟರಿಗೂ ಉದ್ದದ ಮೇಜು ಬೇಕು. ಸರ್ವೆ ಇಲಾಖೆಯ 50,000ಕ್ಕೆ 1ರ ನಕಾಶೆ ಹಿಡಿದರೆ ಮೂರೂ ಊರು ಒಂದೂಕಾಲು ಮೀಟರಿನ ಮೇಜಿನಲ್ಲಿ ಹಿಡಿಸುತ್ತವೆ. ಆಗ ಗುಡ್ಡ ಒಂದು ನಾಣ್ಯದಷ್ಟಾಗುತ್ತದೆ, ಕೋಟೆ ಕಾಣುವುದೇ ಇಲ್ಲ.

ಹಾಗಾಗಿ ಎಲ್ಲರೂ ಮಾಡುವುದು ಒಂದೇ ಕೆಲಸ: ಕೋಟೆಯನ್ನು ದೊಡ್ಡದು ಮಾಡಿ ಬಯಲನ್ನು ಕತ್ತರಿಸಿಹಾಕುವುದು. ಕೋಟೆ ನೋಡಲು ಚೆಂದ, ಬಯಲಿನಲ್ಲಿ ನೋಡುವುದೇನಿದೆ? ಮೇಜಿನ ಮೇಲಷ್ಟೇ ಅಲ್ಲ, ಪುಸ್ತಕಗಳಲ್ಲೂ ನಾವು ಇದನ್ನೇ ಮಾಡಿದ್ದೇವೆ. ನರಗುಂದದಲ್ಲಿ ನಡೆದದ್ದೇನೆಂದು ನೋಡಿದರೆ, ಕತ್ತರಿಸಿಹಾಕಿದ ಆ ಬಯಲಿನಲ್ಲೇ ಸೋಲುಗೆಲುವು ತೀರ್ಮಾನವಾಗಿವೆ.

1785ರ ಕಥೆ ತೆಗೆದುಕೊಳ್ಳಿ. ನರಗುಂದದ ಭಾವೆ ಮನೆತನದ ವೆಂಕಟರಾವ್ ಆಗ ಸಂಸ್ಥಾನಿಕ; ಕಾರಭಾರ ಕಾಳೋಪಂತ ಪೇಠೆಯ ಕೈಯಲ್ಲಿತ್ತು. ಹೈದರನ ಕಾಲದಲ್ಲಿ ಒಪ್ಪಿಕೊಂಡಿದ್ದ ಖಂಡಣಿಗಿಂತ ಹೆಚ್ಚು ಕೊಡಬೇಕೆಂದು ಟಿಪ್ಪು ಕೇಳಿದ. ನರಗುಂದ ಪುಣೆಯ ಕಡೆ ನೋಡಿತು. ಟಿಪ್ಪುವಿನ ಸರದಾರ ಬುರ್ಹಾನುದ್ದೀನ್ ಬಂದು ಮುತ್ತಿಗೆ ಹಾಕಿದ. ಕೋಟೆ ತಿಂಗಳುಗಟ್ಟಲೆ ನಿಂತಿತು. ನಡುವೆ ಪುಣೆಯ ಸೈನ್ಯ ಪರಶುರಾಮಭಾವು ಪಟವರ್ಧನನ ಜೊತೆ ಬಯಲಿಗೆ ಬಂತು. ಬೇಸಿಗೆಯಲ್ಲಿ ಕುಡಿಯುವ ನೀರು ಸಾಲದೆ ಮುತ್ತಿಗೆ ಹಾಕಿದವರೇ ಹಿಂದೆ ಸರಿಯಬೇಕಾಯಿತು. ಪುಣೆಗೂ ಶ್ರೀರಂಗಪಟ್ಟಣಕ್ಕೂ ಸಂಧಾನದ ಮಾತು ನಡೆದು ಮರಾಠರ ಸೈನ್ಯ ದೂರವಾದ ಮೇಲೆ ಮುತ್ತಿಗೆ ಮತ್ತೆ ಬಿಗಿಯಾಯಿತು. ಆಗ ಕೋಟೆ ಮಾತುಕತೆಯ ಮೇಲೆ ಶರಣಾಯಿತು. ಕೊಟ್ಟ ಮಾತು ಉಳಿಯಲಿಲ್ಲ. ವೆಂಕಟರಾವ್ ಮತ್ತು ಕಾಳೋಪಂತರನ್ನು ಬೇಡಿ ಹಾಕಿ ಕಬ್ಬಾಳದುರ್ಗಕ್ಕೆ ಒಯ್ದರು.

ಇದನ್ನು ಮೇಜಿನ ಮೇಲೆ ಆಡಬೇಕೆಂದರೆ ಗೋಡೆಯ ದಪ್ಪ, ಬುರುಜಿನ ಎತ್ತರಗಳಿಂದ ಹೆಚ್ಚೇನೂ ತಿಳಿಯದು. ಕೆಳಗಿನ ದಂಡಿಗೆ ದಿನಕ್ಕೆ ಎಷ್ಟು ನೀರು ಬೇಕು, ಅದು ಎಷ್ಟು ದೂರದಿಂದ ಬರಬೇಕು ಎಂಬುದಕ್ಕೆ ನಿಯಮ ಬರೆಯಬೇಕು. ಕೌಟಿಲ್ಯನ ಅರ್ಥಶಾಸ್ತ್ರ ನಾಲ್ಕು ಬಗೆಯ ದುರ್ಗಗಳನ್ನು ಹೇಳುತ್ತದೆ: ನೀರಿನದು, ಗುಡ್ಡದ್ದು, ಕಾಡಿನದು, ಮತ್ತು ‘ಧಾನ್ವನ’ ಎಂದರೆ ನೀರಿಲ್ಲದ ನೆಲದ್ದು. ನರಗುಂದವನ್ನು ನಾವು ಗಿರಿದುರ್ಗ ಎಂದಷ್ಟೇ ಬರೆದುಕೊಂಡಿದ್ದೇವೆ. ಆ ಬೇಸಿಗೆಯಲ್ಲಿ ಅದನ್ನು ಕಾಯ್ದದ್ದು ಗಿರಿಯ ಸುತ್ತಲಿನ ಧಾನ್ವನ.

ಈ ಜಗಳ ಮುಗಿದದ್ದು ಗೆರೆಯ ಇನ್ನೊಂದು ತುದಿಯಲ್ಲಿ. ಗಜೇಂದ್ರಗಡ ಘೋರ್ಪಡೆ ಮನೆತನದ ಕೋಟೆ. 1786ರಲ್ಲಿ ಪುಣೆ ಮತ್ತು ಹೈದರಾಬಾದಿನ ಸೈನ್ಯಗಳು ಒಟ್ಟಾಗಿ ಬಂದು ಬಾದಾಮಿಯನ್ನು ಹಿಡಿದವು. ಗಜೇಂದ್ರಗಡವೂ ಮರಾಠರ ಕೈಸೇರಿತು. 1787ರಲ್ಲಿ ಆದ ಸಂಧಿಗೆ ಗಜೇಂದ್ರಗಡದ ಒಪ್ಪಂದ ಎಂದೇ ಹೆಸರು. ಟಿಪ್ಪು ಹಣ ಕೊಡಲು ಒಪ್ಪಿದ; ಬಾದಾಮಿ, ಕಿತ್ತೂರು, ನರಗುಂದ ಬಿಟ್ಟುಕೊಟ್ಟ. ತಿಂಗಳುಗಟ್ಟಲೆ ತೋಪು ಹಾರಿಸಿ ಪಡೆದ ಗುಡ್ಡ ಒಂದು ಕಾಗದದ ಮೇಲೆ ಕೈ ಬದಲಾಯಿಸಿತು. ಮಾದರಿಯಲ್ಲಿ ಗಜೇಂದ್ರಗಡ ಬೇಕೇಬೇಕು. ಅದರ ಗೋಡೆಗಿಂತಲೂ, ಆಟ ಯಾವಾಗ ನಿಲ್ಲುತ್ತದೆ ಎಂದು ತೀರ್ಮಾನಿಸುವ ಜಾಗವಾಗಿ ಅದು ಮುಖ್ಯ.

ಇನ್ನು 1858. ಅದೇ ಗುಡ್ಡ, ಅದೇ ಮನೆತನ. ಬಾಬಾಸಾಹೇಬ ಎಂದು ಜನ ಕರೆಯುತ್ತಿದ್ದ ಭಾಸ್ಕರರಾವ್ ಭಾವೆಗೆ ಮಗನಿರಲಿಲ್ಲ. ದತ್ತು ತೆಗೆದುಕೊಳ್ಳಲು ಕೇಳಿದ ಅನುಮತಿಯನ್ನು ಕಂಪನಿ ಸರಕಾರ ಕೊಡಲಿಲ್ಲ. ಆಯುಧ ಒಪ್ಪಿಸಬೇಕೆಂಬ ಕಾಯಿದೆ ಬಂದು ಇಡೀ ಸೀಮೆ ಕುದಿಯುತ್ತಿತ್ತು. ಹಲಗಲಿಯ ಬೇಡರು ಆಗಲೇ ಹೋರಾಡಿ ಸತ್ತಿದ್ದರು. ಮುಂಡರಗಿಯ ಭೀಮರಾವ್ ಮತ್ತು ಹಮ್ಮಿಗೆಯ ಕೆಂಚನಗೌಡ ಆ ಮೇ ತಿಂಗಳಲ್ಲಿ ದಂಗೆಯೆದ್ದು ಕೊಪ್ಪಳದ ಕೋಟೆ ಹಿಡಿದರು. ಮೇ 29ರ ರಾತ್ರಿ ಭಾಸ್ಕರರಾವ್ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದ. ಅವನ ತಲೆ ನರಗುಂದದಲ್ಲಿ ತೂಗಿತು.

ಆಮೇಲಿನದು ಬಹಳ ಬೇಗ ಮುಗಿಯಿತು. ಜೂನ್ 1ರಂದು ಮಾಲ್ಕಮ್‌ನ ದಂಡು ನರಗುಂದದ ಮುಂದೆ ಬಂತು. ಭಾಸ್ಕರರಾವ್‌ನ ಜನ ಎದುರಿಸಲು ಬಯಲಿಗಿಳಿದರು. ಕುದುರೆದಂಡು ಅವರನ್ನು ಚದುರಿಸಿತು. ಸಂಜೆಯ ಹೊತ್ತಿಗೆ ಊರು ಕೈಬಿಟ್ಟಿತು; ಮರುದಿನ ಬೆಳಿಗ್ಗೆ ನೋಡಿದರೆ ಕೋಟೆಯಲ್ಲಿ ಯಾರೂ ಇರಲಿಲ್ಲ. ಕೊಪ್ಪಳದಲ್ಲಿ ಭೀಮರಾವ್ ಮತ್ತು ಕೆಂಚನಗೌಡ ಅದೇ ದಿನಗಳಲ್ಲಿ ಮಡಿದರು. ಭಾಸ್ಕರರಾವ್‌ನ ತಾಯಿ ಮತ್ತು ಹೆಂಡತಿ ಮಲಪ್ರಭೆಯಲ್ಲಿ ಮುಳುಗಿ ಸತ್ತರು. ಯಾತ್ರಿಕನ ವೇಷದಲ್ಲಿ ಹೊರಟಿದ್ದ ಅವನು ತೊರಗಲ್ಲಿನ ಕಾಡಿನಲ್ಲಿ ಸಿಕ್ಕಿಬಿದ್ದ. ಜೂನ್ 12ರಂದು ಬೆಳಗಾವಿಯಲ್ಲಿ ಅವನಿಗೆ ಗಲ್ಲಾಯಿತು. ಮ್ಯಾನ್ಸನ್ ಸತ್ತ ರಾತ್ರಿಯಿಂದ ಎಣಿಸಿದರೆ ಹದಿನಾಲ್ಕು ದಿನ.

73 ವರ್ಷಗಳ ಅಂತರದಲ್ಲಿ ಒಂದೇ ಗುಡ್ಡ ಒಮ್ಮೆ ತಿಂಗಳುಗಟ್ಟಲೆ ನಿಂತಿತು, ಇನ್ನೊಮ್ಮೆ ಒಂದು ದಿನವೂ ನಿಲ್ಲಲಿಲ್ಲ. ಎರಡು ಆಟಕ್ಕೂ ಒಂದೇ ಮಾದರಿ ಸಾಕು, ಬುರುಜಿನ ಒಂದು ಕಲ್ಲೂ ಬದಲಿಸಬೇಕಾಗಿಲ್ಲ. ಬದಲಾದದ್ದು ಸುತ್ತಲಿನದು. 1785ರಲ್ಲಿ ಬಯಲಿನಾಚೆಯಿಂದ ಸಹಾಯ ಬರುವ ಆಸೆಯಿತ್ತು, ಸ್ವಲ್ಪ ಕಾಲ ಅದು ಬಂತು ಕೂಡ. 1858ರಲ್ಲಿ ಬರುವವರೇ ಇರಲಿಲ್ಲ. ನರಗುಂದಕ್ಕೂ ಕೊಪ್ಪಳಕ್ಕೂ ನಡುವೆ ಇದ್ದದ್ದು ರೋಣದ ಈ ಬಯಲುಸೀಮೆ, ಅದನ್ನು ವೇಗವಾಗಿ ದಾಟುವ ಕುದುರೆ ಕಂಪನಿಯ ಕಡೆಗಿತ್ತು. ಇಬ್ಬರು ಬಂಡುಕೋರರು ಕೂಡಿಕೊಳ್ಳುವ ಮೊದಲೇ ಇಬ್ಬರ ಲೆಕ್ಕವೂ ಮುಗಿಯಿತು. ಎರಿಮಣ್ಣು ಬಲ್ಲವರಿಗೆ ಇಲ್ಲಿ ಇನ್ನೊಂದು ಮಾತು ಹೊಳೆಯುತ್ತದೆ. ಮಳೆ ಹಿಡಿದ ಮೇಲೆ ಆ ನೆಲದಲ್ಲಿ ಚಕ್ಕಡಿಯ ಗಾಲಿ ಅಚ್ಚಿನವರೆಗೆ ಹೂಳುತ್ತದೆ, ತೋಪಿನ ಗಾಡಿಯ ಮಾತೇ ಬೇಡ. ಮೇ ಕೊನೆಯಲ್ಲಿ ಆಡುವ ನರಗುಂದವೇ ಬೇರೆ, ಆಗಸ್ಟಿನಲ್ಲಿ ಆಡುವ ನರಗುಂದವೇ ಬೇರೆ.

ಸೋತ ಮೇಲೆ ಕೋಟೆಯನ್ನು ಕೆಡವಿಸಿದರು. ಆದರೆ ಗುಡ್ಡದ ಬುಡದಲ್ಲಿ ಜಗಳ ನಿಲ್ಲಲಿಲ್ಲ. 1980ರ ಜುಲೈ 21ರಂದು ನರಗುಂದದಲ್ಲಿ ರೈತರು ಎದ್ದು ನಿಂತರು. ಮಲಪ್ರಭಾ ಕಾಲುವೆಯ ನೀರು ಹೊಲಕ್ಕೆ ಸರಿಯಾಗಿ ಬಾರದಿದ್ದರೂ ಅಭಿವೃದ್ಧಿ ಕರ ಕಟ್ಟಬೇಕೆಂಬ ಒತ್ತಾಯದ ವಿರುದ್ಧ ಎದ್ದ ಆ ಚಳವಳಿ ಗೋಲಿಬಾರು ಕಂಡಿತು, ಜೀವಗಳು ಹೋದವು, ರಾಜ್ಯದ ರಾಜಕಾರಣವೇ ಅಲುಗಿತು. ಅದಕ್ಕೂ ಜನ ‘ನರಗುಂದ ಬಂಡಾಯ’ ಎಂದೇ ಹೆಸರಿಟ್ಟರು. 2015ರಿಂದ ಮಹದಾಯಿ ನೀರಿಗಾಗಿ ಅದೇ ಊರಿನಲ್ಲಿ ದೀರ್ಘ ಧರಣಿ ನಡೆಯಿತು. ಖಂಡಣಿ, ಕರ, ನೀರು: ಕೇಳುವ ದೊರೆ ಬದಲಾದರೂ ಜಗಳದ ಪಟ್ಟಿ ಹೆಚ್ಚು ಬದಲಾಗಿಲ್ಲ. ಕೋಟೆಯನ್ನಷ್ಟೇ ಕಟ್ಟಿದ ಮಾದರಿಯಲ್ಲಿ ಈ ಬಂಡಾಯಕ್ಕೆ ಜಾಗವೇ ಇರುವುದಿಲ್ಲ.

ಆದ್ದರಿಂದ ಯಾರಾದರೂ ನಿಜವಾಗಿ ಕಟ್ಟುವುದಾದರೆ, ರೋಣದಿಂದ ಶುರುಮಾಡಿ ಎನ್ನುತ್ತೇನೆ. ಎರಡು ಹಾಸು ಮಾಡಿಕೊಳ್ಳಿ. ಒಂದು ನಕಾಶೆಯ ಹಾಸು. ಅದರಲ್ಲಿ ಮೂರು ಊರು, ಕೊಪ್ಪಳ, ಸುರೇಬಾನ, ಮಲಪ್ರಭೆ, ಬೆಣ್ಣಿಹಳ್ಳ ಇರಲಿ. ಸೈನ್ಯಗಳು ಮೊದಲು ಅಲ್ಲಿ ನಡೆಯಲಿ. ನೀರು, ದಿನ, ಮಳೆಯ ಲೆಕ್ಕ ಅಲ್ಲಿ ಆಗಲಿ. ಎದುರಾದಾಗ ಮಾತ್ರ ಎರಡನೆಯ ಹಾಸಿಗೆ, ಗುಡ್ಡದ ಮಾದರಿಗೆ ಬನ್ನಿ. ಅದಕ್ಕೆ ಥರ್ಮೊಕೋಲನ್ನು ಮೆಟ್ಟಿಲಾಗಿ ಪೇರಿಸಿ, ಕಡಿದಾದ ಬದಿಗೆ ಚಾಕುವಿನಿಂದ ಬಂಡೆಯ ಗೆರೆ ಕೊರೆದರೆ ಆಯಿತು. ಕೊಪ್ಪಳದ ಹತ್ತಿರದ ಕಿನ್ನಾಳದ ಗೊಂಬೆ ಮಾಡುವವರು ಹುಣಸೆಬೀಜದ ಅಂಟು ಮತ್ತು ಮರದ ಪುಡಿ ಬಳಸುತ್ತಾರೆ. ಅಂಥ ಹದದ ಹೊದಿಕೆ ಬಣ್ಣವನ್ನೂ ಚೆನ್ನಾಗಿ ಹಿಡಿಯುತ್ತದೆ. ಬಯಲಿಗೆ ಎರಿಮಣ್ಣನ್ನೇ ಜರಡಿ ಹಿಡಿದು ಅಂಟಿನ ಮೇಲೆ ತೆಳ್ಳಗೆ ಉದುರಿಸಿ. ದಪ್ಪಗೆ ಹಚ್ಚಿದರೆ ಒಣಗುವಾಗ ಬಿರಿಯುತ್ತದೆ. ಬಿರಿದರೂ ಚಿಂತೆಯಿಲ್ಲ, ಏಪ್ರಿಲ್ ತಿಂಗಳಿನ ರೋಣದ ಹೊಲ ಇರುವುದೇ ಹಾಗೆ.

ಕೊನೆಗೆ ಗುಡ್ಡದ ಮೇಲೆ ಬುರುಜು ಇಡುವ ಮೊದಲು ಅಲ್ಲಿ ಒಂದು ಹೊಂಡ ತೋಡಿ. ಗುಡ್ಡದ ಕೋಟೆಗಳಿಗೆ ಮಳೆನೀರಿನ ಹೊಂಡವೇ ಜೀವ. ಎಷ್ಟು ಜನ, ಎಷ್ಟು ದಿನ ಅಲ್ಲಿ ನಿಲ್ಲಬಲ್ಲರು ಎಂಬುದನ್ನು ಹೇಳುವುದು ಆ ಬೆರಳಗಲದ ಗುಂಡಿಯೇ.