ಮದರಾಸಿನ ಕನ್ನಡ ದಪ್ಪಕ್ಷರಗಳು

ಕನ್ನಡ ಲಿಪಿ ದುಂಡಗಿರುವುದರಿಂದ ದಪ್ಪಕ್ಷರ ಅದಕ್ಕೆ ಸುಲಭವಾಗಿ ಒಗ್ಗುತ್ತದೆಂದು ಭಾವಿಸುವುದುಂಟು. ವಸ್ತುಸ್ಥಿತಿ ಬೇರೆ. ದಕಾರವನ್ನು ಧಕಾರದಿಂದ ಬೇರ್ಪಡಿಸುವುದು ಬುಡದ ಸಣ್ಣ ಸೀಳು. ಶಾಲೆಯ ಮಕ್ಕಳ ಮಾತಿನಲ್ಲಿ ಅದು 'ಹೊಟ್ಟೆ ಸೀಳುವುದು'. ರೇಖೆ ದಪ್ಪವಾದಂತೆ ಈ ಸೀಳು ಮುಚ್ಚಿಹೋಗಿ 'ಧನ'ವು 'ದನ'ವಾಗುತ್ತದೆ. ಸೊಗಸಿಗಾಗಿ ಅರ್ಥವನ್ನೇ ತೆತ್ತಂತೆ!

ಈ ತೊಡಕನ್ನು ಎದುರಿಸಿದವರಲ್ಲಿ ಮದರಾಸಿನ ಭಿತ್ತಿಪತ್ರ ಕಲಾವಿದರೂ ಇದ್ದರು. 1954ರ 'ಬೇಡರ ಕಣ್ಣಪ್ಪ' ಸಿದ್ಧವಾದದ್ದು ಅಲ್ಲಿಯೇ; ಅನಂತರವೂ ಬಹುಕಾಲ ಕನ್ನಡ ಚಿತ್ರೋದ್ಯಮ ಆ ನಗರವನ್ನೇ ನೆಚ್ಚಿಕೊಂಡಿತ್ತು. ಆ ಚಿತ್ರದ ಹೆಸರಿನಲ್ಲಿಯೇ ಎರಡು ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಅಚ್ಚುಮೊಳೆಯಲ್ಲಿ ಒತ್ತಿನ ಅಳತೆ, ಸ್ಥಾನ ಎರಡೂ ಮೊದಲೇ ನಿಗದಿಯಾದವು. ಕುಂಚ ಹಿಡಿದವನಿಗಾದರೋ ಒತ್ತನ್ನು ಕುಗ್ಗಿಸಲು, ಪಕ್ಕಕ್ಕೆ ಸರಿಸಲು, ಸೀಳಿನ ಬಳಿ ರೇಖೆಯನ್ನು ತೆಳುಗೊಳಿಸಲು ಸ್ವಾತಂತ್ರ್ಯವಿತ್ತು. ಶೀರ್ಷಿಕೆಗಳು ಕೈಬರಹವಾಗಿಯೇ ಉಳಿದುದಕ್ಕೆ ಇದೂ ಒಂದು ಕಾರಣವೆನ್ನಬೇಕು.

ಮುಂಬಯಿಯ ಏಕ್ ಟೈಪ್ ಬಳಗ ಈ ಶತಮಾನದಲ್ಲಿ ರೂಪಿಸಿದ 'ಬಾಲೂ' ದುಂಡನೆಯ ದಪ್ಪಕ್ಷರಗಳ ಕುಟುಂಬ. ಅದರ ಕನ್ನಡ ರೂಪಕ್ಕೆ 'ತಮ್ಮ', ತಮಿಳಿನದಕ್ಕೆ 'ತಂಬಿ' ಎಂಬ ಹೆಸರುಗಳಿವೆ. ಉಚಿತವಾಗಿ ದೊರೆಯುವ ಈ ಅಕ್ಷರ ಶೀರ್ಷಿಕೆಗೆ, ಫಲಕಕ್ಕೆ ಒಪ್ಪುತ್ತದೆ. ಕುಂಚದವನು ಪ್ರತಿ ಹೆಸರಿಗೂ ಹೊಸದಾಗಿ ಮಾಡುತ್ತಿದ್ದ ಹೊಂದಾಣಿಕೆಯನ್ನು ಇಲ್ಲಿ ವಿನ್ಯಾಸಕನು ಎಲ್ಲ ಹೆಸರುಗಳಿಗೂ ಮುಂಗಡವಾಗಿಯೇ ಮಾಡಿಡಬೇಕು.