ಬಾಣಂತಿಯರ ಸಾವು ಮತ್ತು ವೈದ್ಯರ ಕೈಗಳು

1846ರ ಸುಮಾರಿಗೆ ವಿಯೆನ್ನಾ ನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯರೂ ವೈದ್ಯವಿದ್ಯಾರ್ಥಿಗಳೂ, ಎರಡನೆಯದರಲ್ಲಿ ಸೂಲಗಿತ್ತಿಯರೂ ಹೆರಿಗೆ ಮಾಡಿಸುತ್ತಿದ್ದರು. ಬಾಣಂತಿ ಜ್ವರದ ಸಾವು ಮೊದಲನೆಯದರಲ್ಲೇ ಬಹಳ ಹೆಚ್ಚು. ಅಲ್ಲಿಗೆ ಸೇರಿಸಬೇಡಿರೆಂದು ಗರ್ಭಿಣಿಯರು ಮಂಡಿಯೂರಿ ಬೇಡುತ್ತಿದ್ದರು. ಆ ಬಡ ಸ್ತ್ರೀಯರು ಅರಿತಿದ್ದನ್ನು ಕಲಿತವರು ಅರಿತಿರಲಿಲ್ಲ.

ಅಲ್ಲಿ ಸಹಾಯಕ ವೈದ್ಯರಾಗಿದ್ದ ಹಂಗೇರಿಯ ಇಗ್ನಾಝ್ ಸೆಮ್ಮೆಲ್‌ವೈಸ್ ಇದರ ಕಾರಣವನ್ನು ಹುಡುಕುತ್ತಿದ್ದರು. 1847ರ ಮಾರ್ಚ್‌ನಲ್ಲಿ ಅವರ ಮಿತ್ರ ಪ್ರಾಧ್ಯಾಪಕ ಕೊಲೆಚ್ಕಾ, ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚೂರಿ ಬೆರಳಿಗೆ ತಗಲಿ, ಸೋಂಕೇರಿ ಮೃತಪಟ್ಟರು. ಸತ್ತ ಬಾಣಂತಿಯರಲ್ಲಿ ಕಾಣುತ್ತಿದ್ದ ಲಕ್ಷಣಗಳೇ ಅವರ ದೇಹದಲ್ಲೂ ಕಂಡುಬಂದವು. ಶವಾಗಾರದಿಂದ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದ ಕೈಗಳೇ ಮರಣವನ್ನು ಹೊತ್ತು ತರುತ್ತಿದ್ದವು! ಸಾಬೂನಿನಿಂದ ತೊಳೆದರೂ ಆ ಕೈಗಳ ಶವದ ವಾಸನೆ ಹೋಗುತ್ತಿರಲಿಲ್ಲ. ಹೀಗಾಗಿ ಮೇ ತಿಂಗಳಲ್ಲಿ ಅವರು, ನಾವಿಂದು ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿನಂಥದೇ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯಗೊಳಿಸಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ 2ರ ಆಸುಪಾಸಿಗಿಳಿಯಿತು.

ದಿನಕ್ಕೈದು ಬಾರಿ ವುಝೂ ನಿರ್ವಹಿಸುವ ನಾವಾದರೂ ಹೇಗಿದ್ದೇವೆ? ವಾರ್ಡಿನ ಬಾಗಿಲಲ್ಲಿಟ್ಟ ಸ್ಯಾನಿಟೈಸರ್ ಬಾಟಲಿಯನ್ನು ದಾಟಿ ಹೋಗಿ, ಮೊಬೈಲ್ ಹಿಡಿದಿದ್ದ ಕೈಯಿಂದಲೇ ನವಜಾತ ಶಿಶುವನ್ನೆತ್ತುತ್ತೇವೆ.

ವೈದ್ಯರ ಕೈ ಅಶುದ್ಧವೆಂದು ಒಪ್ಪಲು ಹಿರಿಯ ವೈದ್ಯರನೇಕರು ಸಿದ್ಧರಿರಲಿಲ್ಲ. ಆದರೆ 1861ರವರೆಗೂ ತಮ್ಮ ಸಂಶೋಧನೆಯನ್ನು ಗ್ರಂಥವಾಗಿ ಪ್ರಕಟಿಸದಿದ್ದುದು ಸೆಮ್ಮೆಲ್‌ವೈಸರ ಲೋಪವೆಂದೇ ನಾವು ಭಾವಿಸುತ್ತೇವೆ. 1865ರಲ್ಲಿ, 47ರ ವಯಸ್ಸಿನಲ್ಲಿ, ಅವರು ವಿಯೆನ್ನಾದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಸೋಂಕೇರಿದ ಗಾಯದಿಂದಲೇ ತೀರಿಕೊಂಡರು.